ಐದು ಚೂರಿ, ಒಂದು ಹಸಿ ಹಲಗೆ

ಆ ದಿನ ನಾನು ಮಾಡಿದ ಕೆಲಸಗಳು ಇವು. ನಸುಕಿನಲ್ಲಿ ನಳ ಬಂದಾಗ ಹಿತ್ತಲಿನ ತಾಮ್ರದ ಹಂಡೆ ತುಂಬಿದೆ. ಎರಡೂ ಕೋಣೆಯ ಕಸ ಹೊಡೆದೆ. ಕಂದೀಲಿನ ಗಾಜನ್ನು ಬೂದಿ ಹಚ್ಚಿ ತಿಕ್ಕಿ ಒರೆಸಿದೆ. ರೇಶನ್ನಿನ ಗೋಧಿಯಲ್ಲಿದ್ದ ಹರಳು ಆರಿಸಿ, ಗಿರಣಿಗೆ ಹೋಗಿ ಹಿಟ್ಟು ಮಾಡಿಸಿಕೊಂಡು ಬಂದೆ. ಶಾಲೆಗೆ ಹೋಗಿ ಬಂದೆ. ಅಪ್ಪನ ಅಂಗಿಗೆ ಎರಡು ಗುಂಡಿ ಹಚ್ಚಿದೆ, ಒಂದು ಸೊಟ್ಟಗಾಯಿತೆಂದು ಬಿಚ್ಚಿ ಮತ್ತೆ ಹಚ್ಚಿದೆ. ಸಂಜೆ ಐದರ ಹೊತ್ತಿಗೆ ಎರಡು ತಂಬಿಗೆ ನೀರು ಒಯ್ದು ಹಿತ್ತಲ ಗೋಡೆಗೆ ಆನಿಸಿದ್ದ ಮಾವಿನ ಹಲಗೆಯ ಮೇಲೆ ಸುರಿದೆ. ಕೊನೆಯದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಆ ವಾಡೆಯ ಯಾವ ಹುಡುಗಿಯಾದರೂ ಮಾಡುತ್ತಿದ್ದ ಕೆಲಸವೇ. ಹಲಗೆಗೆ ನೀರು ಹಾಕುವುದು ನಮ್ಮ ಮನೆಯಲ್ಲಷ್ಟೇ ಇತ್ತು. ಆ ಹಲಗೆಗೆ ನಾನೂ ಅಪ್ಪನೂ ದಿನಾ ಸಂಜೆ ಚೂರಿ ಎಸೆಯುತ್ತಿದ್ದೆವು. ಮರ ಒಣಗಿದರೆ ಚೂರಿಯ ಮೊನೆ ನಾಟುವುದಿಲ್ಲ, ಜಾರಿ ಬೀಳುತ್ತದೆ. ಆದ್ದರಿಂದ ಮನೆಯ ತುಳಸಿಗೆ ಅವ್ವ ನೀರು ಹಾಕುವುದು ಎಷ್ಟು ತಪ್ಪುತ್ತಿರಲಿಲ್ಲವೋ ಹಲಗೆಗೆ ನಾನು ಹಾಕುವುದೂ ಅಷ್ಟೇ ತಪ್ಪುತ್ತಿರಲಿಲ್ಲ.

ನಾವಿದ್ದದ್ದು ಪುಣೆಯ ಪೇಟೆಯೊಳಗೆ, ಹಲವು ಬಾಡಿಗೆ ಸಂಸಾರಗಳಿದ್ದ ಒಂದು ಹಳೆಯ ವಾಡೆಯ ಹಿಂಭಾಗದಲ್ಲಿ. ಎರಡೇ ಕೋಣೆ. ಮುಂದಿನದರಲ್ಲಿ ಅಪ್ಪನ ಪುಸ್ತಕ ಹೊಲಿಯುವ ಚೌಕಟ್ಟು, ಅಂಟಿನ ಡಬ್ಬಿ, ರಟ್ಟಿನ ತುಂಡುಗಳು, ಗೋಡೆಗೆ ಸುತ್ತಿಟ್ಟ ಮೂರು ಹಾಸಿಗೆ. ಹಿಂದಿನದರಲ್ಲಿ ಒಲೆ, ದೇವರ ಮಾಡ, ಟ್ರಂಕು, ಅವ್ವ. ಅವ್ವನನ್ನು ಸಾಮಾನಿನ ಸಾಲಿಗೆ ಸೇರಿಸಿದೆನೆಂದು ಯಾರೂ ತಪ್ಪು ತಿಳಿಯಬಾರದು. ಆ ಕೋಣೆಯನ್ನು ಅವಳಿಲ್ಲದೆ ನೆನೆಸಿಕೊಳ್ಳಲು ನನಗೆ ಬರುವುದಿಲ್ಲ, ಅಷ್ಟೇ. ಅಡಿಗೆಯ ಕೋಣೆಗೆ ಹಿತ್ತಲಿನ ಕಡೆ ಒಂದು ಕಿಟಕಿ. ಕಿಟಕಿಯ ಕೆಳಗೆ ಕೂತರೆ ಹಿತ್ತಲು ಕಾಣುವುದಿಲ್ಲ, ಆದರೆ ಅಲ್ಲಿಯ ಸಪ್ಪಳವೆಲ್ಲ ಕೇಳುತ್ತದೆ. ಅವ್ವ ಅಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾವು ಆಟ ಮುಗಿಸಿ ಒಳಗೆ ಬರುವಾಗ, "ಇವತ್ತ ಮೂರು ನಾಟಿದವು, ಎರಡು ಬಿದ್ದವು, ಕಡೀದು ಕೃಷ್ಣೀದು," ಎಂದು ತಲೆ ಎತ್ತದೆಯೇ ಹೇಳುವಳು. ಕೃಷ್ಣಿ ಎಂದರೆ ನಾನು. ಒಮ್ಮೆಯೂ ತಪ್ಪುತ್ತಿರಲಿಲ್ಲ. ಹಾಗೆಂದು ಅವಳಿಗೆ ಈ ಆಟ ಮೆಚ್ಚಿಗೆಯಾಗಿತ್ತೆಂದಲ್ಲ. ಹೆಣ್ಣುಹುಡುಗಿಯ ಕೈಯಲ್ಲಿ ಲಟ್ಟಣಿಗೆ ಕೊಡುವ ಹೊತ್ತಿಗೆ ಚೂರಿ ಕೊಟ್ಟವರು ಈ ಪುಣೆಯಲ್ಲಿ ನೀವೊಬ್ಬರೇ ಎಂದು ಅಪ್ಪನಿಗೆ ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಅಪ್ಪ ಅದಕ್ಕೆ, ಕೃಷ್ಣಿಯ ರೊಟ್ಟಿಯೂ ಗುಂಡಗೆ ಬರುತ್ತದಲ್ಲ ಎನ್ನುವನು. ಬರುತ್ತಿರಲಿಲ್ಲ. ಅದು ಅವ್ವನಿಗೂ ಗೊತ್ತಿತ್ತು.

ಅಪ್ಪ ಕ್ಯಾಂಪ್ ಎಂಬ ದಂಡಿನ ಪೇಟೆಯಲ್ಲಿ ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಬಾಗಲಕೋಟೆಯ ಕಡೆಯವನು, ಪುಣೆಗೆ ಬಂದು ಹದಿನೈದು ವರ್ಷವಾಗಿದ್ದರೂ ಮರಾಠಿಯಲ್ಲಿ ಎಣಿಸುವಾಗ ಇಪ್ಪತ್ತರ ಮೇಲೆ ಕನ್ನಡಕ್ಕೆ ಜಾರುತ್ತಿದ್ದ. ಬೆಳಿಗ್ಗೆ ನಡೆದುಕೊಂಡು ಹೋಗಿ ಸಂಜೆ ನಡೆದುಕೊಂಡೇ ಬರುವನು. ಬಂದವನ ಕೈಗೆ ಮೈಲುತುತ್ತ ಹಾಕಿ ಕುದಿಸಿದ ಮೈದಾ ಅಂಟಿನ ವಾಸನೆ ಇರುತ್ತಿತ್ತು. ನನಗೆ ಇವತ್ತಿಗೂ ಹೊಸ ಪುಸ್ತಕ ತೆರೆದರೆ ಮೊದಲು ಅಪ್ಪನ ಕೈ ನೆನಪಾಗುತ್ತದೆ, ಆಮೇಲೆ ಪುಸ್ತಕ. ಸಣ್ಣ ಆಳು, ತೆಳ್ಳಗೆ. ಎಡಗಿವಿಯ ಹಾಲೆ ಸೀಳಿತ್ತು. ಚಿಕ್ಕಂದಿನಲ್ಲಿ ಹಾಕಿದ್ದ ಕಿವಿಯ ಒಂಟಿ ಜಗ್ಗಿ ಹಾಗಾಯಿತೆಂದು ನನಗೆ ಹೇಳಿದ್ದ. ಮದುವೆಗೆ ಮುಂಚೆ ಎರಡು ವರ್ಷ ಸರ್ಕಸ್ಸಿನಲ್ಲಿ ತಂಬು ಹೊಲಿಯುವ ಕೆಲಸದಲ್ಲಿದ್ದನಂತೆ. ಅಲ್ಲಿ ಚೂರಿ ಎಸೆಯುವ ಉಸ್ತಾದನೊಬ್ಬನಿದ್ದನಂತೆ. ಐದು ಚೂರಿಗಳೂ ಅವನವೇ. ಅಪ್ಪನೂ ಅಲ್ಲಿ ಚೂರಿ ಎಸೆಯುತ್ತಿದ್ದನೆಂದು ನಾನು ತಿಳಿದಿದ್ದೆ, ವಾಡೆಯವರೆಲ್ಲ ಹಾಗೆಯೇ ತಿಳಿದಿದ್ದರು. ಅಪ್ಪ ಹಾಗೆಂದು ಹೇಳಿರಲಿಲ್ಲ. ಅಲ್ಲವೆಂದೂ ಹೇಳಿರಲಿಲ್ಲ.

ಚೂರಿಗಳು ನೋಡಲು ಚಂದವೇನಲ್ಲ. ಗೇಣಿಗಿಂತ ಸ್ವಲ್ಪ ಉದ್ದ, ಕಪ್ಪು ಕಬ್ಬಿಣ, ಅಲಗಿಗೆ ಹರಿತವೇ ಇಲ್ಲ. ಬದನೆಕಾಯಿಯನ್ನೂ ಹೆಚ್ಚಲು ಬಾರದು. ಹರಿತವೆಲ್ಲ ಮೊನೆಯಲ್ಲಿ. ಅಪ್ಪ ಖಾಕಿ ಬಟ್ಟೆಯಲ್ಲಿ ಐದು ಜೇಬು ಹೊಲಿದು ಅವನ್ನು ಸುತ್ತಿಡುತ್ತಿದ್ದ. ಹಲಗೆ ಎಂದು ನಾವು ಕರೆಯುತ್ತಿದ್ದುದು ನಿಜವಾಗಿ ಹಲಗೆಯಲ್ಲ, ಮಾವಿನ ಬೊಡ್ಡೆಯನ್ನು ಅಡ್ಡಕ್ಕೆ ಕೊಯ್ದ ದಪ್ಪ ಬಿಲ್ಲೆ, ಬಂಡಿಯ ಗಾಲಿಯಷ್ಟು. ಕೋಥರೂಡದಲ್ಲಿ ಯಾರದೋ ಹೊಲದ ಬದುವಿನ ಮರ ಬಿದ್ದಾಗ ಅಪ್ಪ ಹೋಗಿ ಕೊಯ್ಯಿಸಿ, ಕಾಯಿಪಲ್ಲೆಯ ಬಂಡಿಯಲ್ಲಿ ಹಾಕಿಸಿಕೊಂಡು ಬಂದಿದ್ದ. ಈಗ ನಾನು ಸಂಸಾರ ಮಾಡಿಕೊಂಡಿರುವುದೂ ಕೋಥರೂಡದಲ್ಲಿಯೇ. ಆ ಮರ ಎಲ್ಲಿತ್ತೋ, ಅದರ ಮೇಲೆ ಯಾರ ಮನೆ ನಿಂತಿದೆಯೋ. ಹಾಗೆ ಅಡ್ಡಕ್ಕೆ ಕೊಯ್ದಾಗ ಮರದ ನಾರು ನಮ್ಮ ಕಡೆ ಮುಖ ಮಾಡಿರುತ್ತದೆ. ಚೂರಿ ನಾರುಗಳ ನಡುವೆ ಹೊಗುತ್ತದೆ, ಕಿತ್ತ ಮೇಲೆ ನೀರು ಹಾಕಿದರೆ ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಇದನ್ನು ಅಪ್ಪ ನನಗೆ ಕೈ ಹಿಡಿದು ತೋರಿಸಿದ್ದ. ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆಯ ತೂತುಗಳು ಗೆರೆಯಷ್ಟೇ ಉಳಿದಿರುತ್ತಿದ್ದವು.

ಮೊದಲ ವರ್ಷ ನನ್ನ ಪಾಲಿಗೆ ಬಂದದ್ದು ನೀರು ಹಾಕುವುದು, ಚೂರಿ ಕಿತ್ತು ತರುವುದು, ಇವೆರಡೇ. ಒಂಬತ್ತು ತುಂಬಿದ ಮೇಲೆ ಚೂರಿ ಕೈಗೆ ಬಂತು. ಹಿಡಿಕೆ ಹಿಡಿದು ಎಸೆದರೆ ಆರು ಹೆಜ್ಜೆ ದೂರ ಬೇಕು, ಚೂರಿ ಗಾಳಿಯಲ್ಲಿ ಒಂದು ಪೂರಾ ಸುತ್ತು ತಿರುಗಿ ಮೊನೆಯ ಮೇಲೆ ಹೋಗುತ್ತದೆ. ಅಲಗು ಹಿಡಿದರೆ ನಾಲ್ಕು ಹೆಜ್ಜೆ ಸಾಕು, ಅರ್ಧ ಸುತ್ತು. ನಾನು ನಾಲ್ಕು ಹೆಜ್ಜೆಯವಳು. ಮೊದಮೊದಲು ನನ್ನ ಬಲವೆಲ್ಲ ಹಾಕಿ ಎಸೆಯುತ್ತಿದ್ದೆ. ಚೂರಿ ಹಲಗೆಗೆ ಹೊಟ್ಟೆಯಿಂದ ಬಡಿದು ಕೆಳಗೆ ಬೀಳುತ್ತಿತ್ತು. ಅಪ್ಪ ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಹಿಂದೆ ಬಂದು ನಿಂತು ಮೊಣಕೈ ಹಿಡಿದು ಒಂದೇ ಮಾತು ಹೇಳುವನು:

"ಒಗೀಬ್ಯಾಡ ಕೃಷ್ಣೀ. ಬಿಡು. ಅದಕ್ಕ ಹೋಗೋದು ಗೊತ್ತದ."

ಆ ಮಾತು ನನ್ನ ಮೈಗೆ ಹತ್ತಲು ನಾಲ್ಕು ತಿಂಗಳು ಬೇಕಾಯಿತು. ಆಮೇಲೆ ಎಷ್ಟೋ ಕಡೆ ಉಪಯೋಗಕ್ಕೆ ಬಂತು. ಮಗನನ್ನು ಸೈಕಲ್ ಮೇಲೆ ಕೂರಿಸಿ ಹಿಂದಿನಿಂದ ಹಿಡಿದಾಗ ಬಂತು, ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಬಂತು. ಆದರೆ ಆಟದಲ್ಲಿ ಅದಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ನೆಲದಲ್ಲಿ ಹೂತ ಒಂದು ಸಾಲು ಇಟ್ಟಂಗಿ ನಮ್ಮ ಗೆರೆ. ಎಸೆಯುವವರು ಐದೂ ಚೂರಿ ಎಸೆದಾದ ಮೇಲೆ ಎರಡೂ ಅಂಗೈ ತೋರಿಸಿ "ಕೈ ಖಾಲಿ" ಎನ್ನಬೇಕು. ಅಂದ ಮೇಲೆ "ಹೋಗು" ಎನ್ನಬೇಕು. ಅಲ್ಲಿಯವರೆಗೆ ಯಾರೂ ಇಟ್ಟಂಗಿ ದಾಟುವಂತಿಲ್ಲ. ಬೆಕ್ಕು ದಾಟಿದರೂ ಅಪ್ಪ ಚೂರಿಗಳನ್ನು ನೆಲಕ್ಕಿಟ್ಟು ಅದು ಹೋಗುವ ತನಕ ಕಾಯುತ್ತಿದ್ದ. ನಾನು ಎಸೆಯುವಾಗಲೂ ಹಾಗೆಯೇ. ಹತ್ತು ವರ್ಷದ ಹುಡುಗಿ ಅಂಗೈ ಎತ್ತಿ ಕೈ ಖಾಲಿ ಎಂದು, ಹೋಗು ಎನ್ನುವ ತನಕ ಅಪ್ಪ ಇಟ್ಟಂಗಿಯ ಈಚೆ ಕೈ ಕಟ್ಟಿಕೊಂಡು ನಿಂತಿರುತ್ತಿದ್ದ. ಮನೆಯಲ್ಲಿ ನನ್ನ ಅಪ್ಪಣೆ ನಡೆಯುತ್ತಿದ್ದ ಒಂದೇ ಜಾಗ ಅದು.

ನಾಲ್ಕು ಚೂರಿ ನೇರ ನಿಂತು ಎಸೆದ ಮೇಲೆ ಐದನೆಯದನ್ನು ಅಪ್ಪ ಹಲಗೆಗೆ ಬೆನ್ನು ಮಾಡಿ ನಿಂತು, ಗರಕ್ಕನೆ ತಿರುಗಿ ಬಿಡುತ್ತಿದ್ದ. ಅದು ನನಗಾಗಿ ಮಾಡುತ್ತಿದ್ದ ಚಮತ್ಕಾರ. ತಪ್ಪಿದ್ದು ನಾನು ಕಂಡಿಲ್ಲ. ಇದನ್ನು ನೋಡಲು ವಾಡೆಯ ಮಾಲಕರ ಮೊಮ್ಮಗಳು ಸುಮನ ಮೇಲಿನ ಮಾಳಿಗೆಯ ಕಟಕಟೆಗೆ ಬಂದು ನಿಲ್ಲುವಳು. ನನಗಿಂತ ಒಂದು ವರ್ಷ ದೊಡ್ಡವಳು, ಮರಾಠಿಯವಳು. ಹಿಂದಿನ ದಿನ ಅವಳನ್ನು ಅವಳ ಕಾಕಾ ಸರ್ಕಸ್ಸಿಗೆ ಕರೆದುಕೊಂಡು ಹೋಗಿದ್ದ. ನಾನು ಶಾಲೆಯಿಂದ ಬರುತ್ತಲೇ ನನ್ನನ್ನು ಮೆಟ್ಟಿಲ ಕೆಳಗೆ ಹಿಡಿದು ನಿಲ್ಲಿಸಿ ಎಲ್ಲ ಹೇಳಿದಳು. ಅಲ್ಲಿ ಹಲಗೆಯ ಮುಂದೆ ಒಬ್ಬ ಹೆಂಗಸು ಕೈ ಚಾಚಿ ನಿಲ್ಲುತ್ತಾಳಂತೆ, ಚೂರಿಗಳು ಅವಳ ಕತ್ತಿನ ಪಕ್ಕ, ಕಂಕುಳ ಪಕ್ಕ ನಾಟುತ್ತವಂತೆ, ಅವಳು ನಗುತ್ತಲೇ ಇರುತ್ತಾಳಂತೆ. ನಿಜವಾದ ಆಟಗಾರ ಎಂದರೆ ಅದು, ನಿನ್ನಪ್ಪ ಬರೀ ಕಟ್ಟಿಗೆಗೆ ಚುಚ್ಚುತ್ತಾನೆ, ಯಾರನ್ನಾದರೂ ನಿಲ್ಲಿಸಲು ಅವನಿಗೆ ಧೈರ್ಯವಿಲ್ಲ ಎಂದಳು. ನಾನು ಅವಳ ಜೊತೆ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಗುಂಡಿ ಹಚ್ಚುತ್ತ ಕೂತೆ, ಮನಸ್ಸಿನಲ್ಲಿ ಒಂದು ನಿಶ್ಚಯ ಮಾಡಿಕೊಂಡೆ. ಗುಂಡಿ ಸೊಟ್ಟಗಾದದ್ದು ಅದಕ್ಕೇ.

ಗಣಪತಿ ಕಳಿಸಿ ಎರಡು ದಿನವಾಗಿತ್ತು. ಮಳೆ ಬಿಟ್ಟಿತ್ತು. ಅಪ್ಪ ಚಹಾ ಕುಡಿದು ಹಿತ್ತಲಿಗೆ ಬಂದ. ಸುಮನ ಮೇಲೆ ನಿಂತಿದ್ದಳು. ಒಂದು, ಎರಡು, ಮೂರು, ನಾಲ್ಕು ಚೂರಿ ಹಲಗೆಯ ನಡುವೆ ಒಂದರ ಪಕ್ಕ ಒಂದು ನಾಟಿದವು. ಅಪ್ಪ ಐದನೆಯದನ್ನು ಹಿಡಿದು ಬೆನ್ನು ತಿರುಗಿಸಿದ. ನಾನು ಇಟ್ಟಂಗಿ ದಾಟಿದೆ. ಬರಿಗಾಲು, ಹಸಿ ಮಣ್ಣು, ಸಪ್ಪಳವಾಗಲಿಲ್ಲ. ಹಲಗೆಯ ಬಲಕ್ಕೆ, ಅದಕ್ಕೆ ಭುಜ ತಾಗುವ ಹಾಗೆ ನಿಂತು ಸುಮನ ಹೇಳಿದ ಹೆಂಗಸಿನಂತೆ ಕೈ ಚಾಚಿದೆ. ನಗಲೂ ಪ್ರಯತ್ನಿಸಿದೆ. ನನ್ನ ಲೆಕ್ಕದಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಅಪ್ಪನ ಚೂರಿ ಯಾವತ್ತೂ ಹಲಗೆಯ ನಡುವೆಯೇ ಹೋಗುತ್ತಿತ್ತು, ಇವತ್ತೂ ಹೋಗುತ್ತದೆ, ಸುಮನ ಬಾಯಿ ಮುಚ್ಚುತ್ತಾಳೆ. ಅಪ್ಪ ತಿರುಗಿದ. ತೋಳು ಆಗಲೇ ಮುಂದೆ ಬರುತ್ತಿತ್ತು. ಅವನ ಕಣ್ಣು ನನ್ನ ಮೇಲೆ ಬಿದ್ದದ್ದನ್ನು ನಾನು ನೋಡಿದೆ. ಅಂಥ ಮುಖವನ್ನು ಅಪ್ಪನಲ್ಲಿ ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ತಡೆಯುವಷ್ಟು ಹೊತ್ತಿರಲಿಲ್ಲ. ಮಣಿಕಟ್ಟು ಹೊರಳಿಸಿ ಚೂರಿಯನ್ನು ಎಡಕ್ಕೆ ಚೆಲ್ಲಿದ. ಅದು ಹಲಗೆಯಿಂದ ಮೂರು ಮೊಳ ದೂರ, ನಳದ ಕೆಳಗಿದ್ದ ತುಂಬಿದ ಹಂಡೆಗೆ ಬಡಿಯಿತು. ಹಂಡೆಯ ಹೊಟ್ಟೆಯಲ್ಲಿ ಆಗ ಬಿದ್ದ ತಗ್ಗು ಈಗಲೂ ಇದೆ. ಹಂಡೆ ನನ್ನ ಮನೆಯಲ್ಲಿದೆ. ಕಲಾಯಿ ಮಾಡುವವನು ಬಂದಾಗಲೆಲ್ಲ ಬಾಯಿಯವರೇ, ಇದನ್ನು ಬಡಿದು ಸರಿಮಾಡಲೇ ಎಂದು ಕೇಳುತ್ತಾನೆ. ಬೇಡ ಎನ್ನುತ್ತೇನೆ.

ಮರದ ಸಪ್ಪಳವಲ್ಲ ಅದು ಎಂದು ಅವ್ವನಿಗೆ ಕೂತಲ್ಲೇ ಗೊತ್ತಾಯಿತು. ಹಿಟ್ಟಿನ ಕೈಯಲ್ಲಿಯೇ ಹೊರಗೆ ಬಂದಳು. ಸುಮನ ಮೇಲಿಂದ ಯಾವಾಗಲೋ ಹೋಗಿದ್ದಳು. ನಾನು ಇನ್ನೂ ಕೈ ಚಾಚಿಕೊಂಡೇ ನಿಂತಿದ್ದೆ. ಅಪ್ಪ ಇಟ್ಟಂಗಿಯ ಮೇಲೆ ಕುಳಿತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಹಿಡಿದರೂ ಅದು ನಡುಗುತ್ತಿತ್ತು. ಅವ್ವ ನನ್ನನ್ನು ಹೊಡೆಯಲಿಲ್ಲ. ಬಂದು ನನ್ನ ಚಾಚಿದ ಕೈಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ನನ್ನ ತೋಳಿಗೆಲ್ಲ ಜೋಳದ ಹಿಟ್ಟು ಹತ್ತಿತು. ಆಗ ಅಪ್ಪ ನೆಲ ನೋಡುತ್ತ ಮಾತಾಡಿದ.

"ನಾ ಸರ್ಕಸ್ಸಿನ್ಯಾಗ ಚೂರಿ ಒಗೀತಿದ್ದಿಲ್ಲವಾ ಕೃಷ್ಣೀ. ಹಲಗಿ ಮುಂದ ನಿಂದರತಿದ್ದೆ."

ಎಸೆಯಲು ಕಲಿತದ್ದು ಸರ್ಕಸ್ಸು ಬಿಟ್ಟ ಮೇಲಂತೆ. ಉಳಿದದ್ದನ್ನು ತುಂಡು ತುಂಡಾಗಿ ಹೇಳಿದ. ಉಸ್ತಾದನ ಹೆಂಡತಿಯೇ ದಿನಾ ಹಲಗೆಯ ಮುಂದೆ ನಿಲ್ಲುವವಳು. ಅವಳಿಗೆ ಏಳು ತಿಂಗಳಾದಾಗ ಬೇರೆಯವರು ಬೇಕಾದರು. ತಂಬು ಹೊಲಿಯುವವರಲ್ಲಿ ಅವಳಷ್ಟೇ ಎತ್ತರ, ಅವಳಷ್ಟೇ ತೆಳ್ಳಗಿದ್ದವನು ಅಪ್ಪ. ಘಾಗ್ರಾ ತೊಡಿಸಿ, ತಲೆಗೆ ಸೆರಗು ಹೊದಿಸಿ ನಿಲ್ಲಿಸಿದರು. ಜನಕ್ಕೆ ಗೊತ್ತಾಗಲಿಲ್ಲ. ಎರಡು ತಿಂಗಳು ನಿಂತ. ಕಣ್ಣು ಮುಚ್ಚಬಾರದು, ಮುಚ್ಚಿದರೆ ಮೈ ಅಲುಗುತ್ತದೆ. ಮಿರಜಿನಲ್ಲಿ ಒಂದು ಆಟದ ದಿನ ಗಾಳಿ ಎದ್ದು ತಂಬಿನ ದೀಪ ತೂಗಾಡಿತು, ಚೂರಿ ಕಿವಿಯ ಹಾಲೆಯನ್ನು ಸೀಳಿಕೊಂಡು ಹೋಯಿತು. ಅಷ್ಟೇ, ಬೇರೇನೂ ಆಗಲಿಲ್ಲ. ಆದರೆ ಉಸ್ತಾದ ತನ್ನ ರುಮಾಲು ಹರಿದು ಕಿವಿಗೆ ಕಟ್ಟಿದವನು, ಮರುದಿನ ಐದೂ ಚೂರಿ ಅಪ್ಪನ ಮಡಿಲಿಗೆ ಹಾಕಿ ಸರ್ಕಸ್ಸು ಬಿಟ್ಟ. ಮಿರಜಿನಲ್ಲಿಯೇ ಹಣ್ಣಿನ ಅಂಗಡಿ ಇಟ್ಟ. ಅಪ್ಪ ಒಮ್ಮೆ ಹೋಗಿ ನೋಡಿದಾಗ, ಗಿರಾಕಿಗೆ ಕಲ್ಲಂಗಡಿ ಕೊಯ್ದು ಕೊಡಲೂ ಒಳಗಿನಿಂದ ಹೆಂಡತಿಯನ್ನು ಕರೆಯುತ್ತಿದ್ದನಂತೆ.

"ಅಂವಾ ಭಾಳ ಛಲೋ ಒಗೀತಿದ್ದ," ಎಂದ ಅಪ್ಪ. "ನನಗಿಂತ ಭಾಳ ಛಲೋ."

ಎದ್ದು ಹೋಗಿ ಹಲಗೆಯಿಂದ ನಾಲ್ಕು ಕಿತ್ತ, ಹಂಡೆಯ ಬುಡದಿಂದ ಐದನೆಯದನ್ನು ಹೆಕ್ಕಿದ. ಕೈ ಖಾಲಿ ಎನ್ನಲೂ ಇಲ್ಲ, ನನಗೆ ಹೋಗು ಎನ್ನಲೂ ಇಲ್ಲ. ಒರೆಸಿ, ಖಾಕಿ ಬಟ್ಟೆಯಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಅವ್ವನ ಧಾರೆಯ ಸೀರೆಯ ಕೆಳಗೆ ಇಟ್ಟ.

ಆಮೇಲಿನ ದಿನಗಳಲ್ಲಿ ಮನೆಗೆ ಸಂಜೆ ಐದು ಗಂಟೆ ಎಂಬುದು ಇಲ್ಲವಾಯಿತು. ಅಪ್ಪ ಕ್ಯಾಂಪಿನಿಂದ ನೆಟ್ಟಗೆ ಮನೆಗೆ ಬರದೆ ಸ್ವಾರಗೇಟಿನ ಕಡೆ ಸುತ್ತು ಹಾಕಿಕೊಂಡು ದೀಪ ಹಚ್ಚುವ ಹೊತ್ತಿಗೆ ಬರಲು ಸುರುಮಾಡಿದ. ನಾನು ತಪ್ಪಾಯಿತೆಂದು ಮೂರು ಸಲ ಹೇಳಿದೆ. ಪ್ರತಿ ಸಲವೂ ನನ್ನ ತಲೆ ಸವರಿ, ನಿನ್ನ ಮೇಲೆ ಸಿಟ್ಟಿಲ್ಲ ಎಂದ. ಇರಲೂ ಇಲ್ಲ. ಅದೇ ಹೆಚ್ಚು ಕಷ್ಟದ್ದು. ಒಂದು ದಿನ ಧೈರ್ಯ ಮಾಡಿ, ಆಡೋಣವೇ ಎಂದು ಕೇಳಿದೆ. ತೋಳು ನೋಯುತ್ತದೆ ಎಂದ. ಮತ್ತೊಂದು ದಿನ ಕೇಳಿದ್ದಕ್ಕೆ, ಪಕ್ಷ ನಡೆದಿದೆ, ಹಿರಿಯರ ದಿನಗಳಲ್ಲಿ ಇಂಥದ್ದೆಲ್ಲ ಬೇಡ ಎಂದ. ಹೋದ ವರ್ಷ ಪಕ್ಷದಲ್ಲಿಯೂ ಆಡಿದ್ದೆವು. ಊಟಕ್ಕೆ ಕೂತರೆ ಒಂದು ರೊಟ್ಟಿ ಉಳಿಸುವನು. ಪುಸ್ತಕ ಹೊಲಿಯುವಾಗ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದ. ಮೊದಲ ದಿನ ಓಡಿಹೋಗಿ ಪೋಣಿಸಿಕೊಟ್ಟೆ. ಎರಡನೆಯ ದಿನ, ಕಲ್ಲಂಗಡಿ ಕೊಯ್ಯಲು ಹೆಂಡತಿಯನ್ನು ಕರೆಯುತ್ತಿದ್ದ ಉಸ್ತಾದ ನನಗೆ ನೆನಪಾದ. ಅವ್ವ ಒಲೆಯ ಮುಂದಿನಿಂದ ತಿರುಗಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವಳಿಗೂ ಅದೇ ನೆನಪಾಗಿರಬೇಕು. ಸರ್ಕಸ್ಸಿನ ಕಥೆಯೆಲ್ಲ ಮದುವೆಯಾದ ಹೊಸದರಲ್ಲಿಯೇ ಅಪ್ಪ ಅವಳಿಗೆ ಹೇಳಿದ್ದನೆಂದು ಆಮೇಲೆ ನನಗೆ ತಿಳಿಯಿತು.

ಹಲಗೆಗೆ ನೀರು ಹಾಕುವುದನ್ನು ನಾನು ಬಿಟ್ಟಿದ್ದೆ. ಹಾಕಲು ಮನಸ್ಸಾಗುತ್ತಿರಲಿಲ್ಲ. ಮಳೆ ನಿಂತು ಎಂಟು ಹತ್ತು ದಿನವಾಗಿತ್ತು, ಬಿಸಿಲು ಬಲವಾಗಿತ್ತು, ಇಷ್ಟು ಹೊತ್ತಿಗೆ ಅದು ಒಣಗಿ ಬಿರುಕು ಬಿಟ್ಟಿರಬೇಕು ಎಂದುಕೊಂಡು ಒಂದು ಬೆಳಿಗ್ಗೆ ಹಂಡೆ ತುಂಬುವಾಗ ಕೈ ಚಾಚಿ ಮುಟ್ಟಿ ನೋಡಿದೆ. ಹಸಿಯಾಗಿತ್ತು. ಮರುದಿನವೂ ಹಸಿ. ಮೂರನೆಯ ದಿನ ನಳ ಬರುವುದಕ್ಕಿಂತ ಮುಂಚೆ ಎದ್ದೆ. ಅವ್ವ ಸ್ನಾನ ಮಾಡಿ, ತುಳಸಿಗೆ ಒಂದು ತಂಬಿಗೆ ನೀರು ಹಾಕಿ, ಕೈ ಮುಗಿದು, ಇನ್ನೊಂದು ತಂಬಿಗೆಯನ್ನು ಹಲಗೆಯ ಮೇಲೆ ಸುರಿಯುತ್ತಿದ್ದಳು. ನನ್ನನ್ನು ಕಂಡು, "ಹಂಡೆದಾಗ ನೀರು ಹೆಚ್ಚಾಗಿತ್ತು," ಎಂದಳು. ನಮ್ಮ ವಾಡೆಯಲ್ಲಿ ಯಾರ ಹಂಡೆಯಲ್ಲೂ ನೀರು ಹೆಚ್ಚಾದದ್ದಿಲ್ಲ.

ಖಂಡೇನವಮಿಯ ದಿನ ನಮ್ಮ ಮನೆಯಲ್ಲಿ ಆಯುಧ ಎನ್ನುವುದನ್ನೆಲ್ಲ ತೊಳೆದು ದೇವರ ಮುಂದೆ ಇಟ್ಟು ಪೂಜೆ ಮಾಡುವುದು ಪದ್ಧತಿ. ಆ ದಿನ ಅವುಗಳಿಗೆ ವಿಶ್ರಾಂತಿ, ಯಾವುದನ್ನೂ ಮುಟ್ಟಿ ಕೆಲಸ ಮಾಡುವಂತಿಲ್ಲ. ಈಳಿಗೆ ಇಲ್ಲದ್ದರಿಂದ ಕಾಯಿಪಲ್ಲೆ ಇಲ್ಲ, ಬರೀ ಬೇಳೆ. ನಾನು ಮಣೆಯ ಮೇಲೆ ಈಳಿಗೆ, ಕತ್ತರಿ, ಸೂಜಿಯ ಡಬ್ಬಿ, ಅಪ್ಪನ ರಟ್ಟು ಕೊಯ್ಯುವ ಚಾಕು, ಚರ್ಮ ಸವರುವ ಚಾಕು, ನನ್ನ ಪಾಟಿ ಇವನ್ನೆಲ್ಲ ಸಾಲಾಗಿ ಇಟ್ಟೆ. ಅವ್ವ ಟ್ರಂಕು ತೆಗೆದಳು. ಧಾರೆಯ ಸೀರೆಯನ್ನು ಉಡಲು ತೆಗೆಯುತ್ತಾಳೆ ಎಂದುಕೊಂಡೆ. ಸೀರೆಯನ್ನು ಪಕ್ಕಕ್ಕಿಟ್ಟು ಖಾಕಿ ಸುರುಳಿ ತೆಗೆದು, ಐದೂ ಚೂರಿಗಳನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಒರೆಸಿ, ಈಳಿಗೆಯ ಪಕ್ಕದಲ್ಲಿ ಇಟ್ಟಳು. ಇಷ್ಟು ವರ್ಷ ಅವಳು ಅವುಗಳನ್ನು ಪೂಜೆಗೆ ಇಡಗೊಟ್ಟಿರಲಿಲ್ಲ. ಇವು ದುಡಿಯುವ ಆಯುಧವಲ್ಲ, ಗಂಡಸರ ಆಟಿಕೆ ಎನ್ನುತ್ತಿದ್ದಳು. ಅಪ್ಪ ಸ್ನಾನ ಮಾಡಿ ಬಂದು ಕೂತ. ಸಾಲಿನುದ್ದಕ್ಕೂ ಅರಿಸಿನ ಕುಂಕುಮ ಹಚ್ಚುತ್ತ ಬಂದವನ ಬೆರಳು ಚೂರಿಗಳ ಹತ್ತಿರ ನಿಂತಿತು. ಅವ್ವನ ಮುಖ ನೋಡಿದ. ಅವ್ವ ಊದಿನಕಡ್ಡಿ ಹಚ್ಚುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಐದಕ್ಕೂ ಕುಂಕುಮ ಹಚ್ಚಿದ. ನಾನು ಗಂಟೆ ಬಾರಿಸುವುದನ್ನು ಮರೆತೆ.

ಮರುದಿನ ದಶಮಿ. ಪೂಜೆ ಮಾಡಿದ ಆಯುಧವನ್ನು ಅವತ್ತು ಎತ್ತಿ ಒಂದು ಸಲವಾದರೂ ಉಪಯೋಗಿಸಬೇಕು, ಸುಮ್ಮನೆ ತಿರುಗಿ ಒಳಗಿಡುವಂತಿಲ್ಲ. ಮುಹೂರ್ತ ಮಾಡುವುದು ಎನ್ನುತ್ತಿದ್ದೆವು. ಅವ್ವ ಈಳಿಗೆಯ ಮೇಲೆ ಒಂದು ಸೌತೆಕಾಯಿ ಹೆಚ್ಚಿದಳು. ಅಪ್ಪ ಸೂಜಿಗೆ ದಾರ ಪೋಣಿಸಿ, ತಾನೇ ಪೋಣಿಸಿ, ಹಳೆಯ ಪಂಚಾಂಗಕ್ಕೆ ಒಂದು ಹೊಲಿಗೆ ಹಾಕಿದ. ಎರಡೂ ಚಾಕುಗಳಿಂದ ಒಂದೊಂದು ಗೆರೆ ಕೊಯ್ದ. ನಾನು ಪಾಟಿಯ ಮೇಲೆ ಒಂದು ಸಾಲು ಬರೆದೆ. ಮಣೆ ಖಾಲಿಯಾಗುತ್ತ ಬಂತು, ಕೊನೆಗೆ ಐದು ಚೂರಿ ಉಳಿದವು. ಅಪ್ಪ ಮುಂದಿನ ಕೋಣೆಗೆ ಹೋಗಲು ಎದ್ದ.

"ಇವು ಉಳದಾವ್ರಿ," ಎಂದಳು ಅವ್ವ.

"ಇರಲಿ."

"ಇರಲಿ ಅಂದರ ಹೆಂಗ್ರಿ. ಪೂಜಿ ಮಾಡಿಸಿಕೊಂಡಾವು. ನಾ ಮಾಡ್ತೀನಿ ಹಂಗಾರ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಐದನ್ನೂ ಎತ್ತಿಕೊಂಡು ಹಿತ್ತಲಿಗೆ ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ. ಅಪ್ಪ ಬಾಗಿಲಲ್ಲಿ ನಿಂತ. ಅವ್ವ ಹಲಗೆಯ ಮುಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಒಂದು ಚೂರಿಯ ಹಿಡಿಕೆಯನ್ನು ಲಟ್ಟಣಿಗೆ ಹಿಡಿದ ಹಾಗೆ ಹಿಡಿದು ಎಸೆದಳು. ಅದು ಹಿಡಿಕೆಯಿಂದ ಹಲಗೆಗೆ ಬಡಿದು ತಿರುಗಿ ಬಂದು ಅವಳ ಕಾಲ ಹತ್ತಿರವೇ ಬಿತ್ತು. ಎರಡನೆಯದೂ ಹಾಗೆಯೇ. ಮೂರನೆಯದು ಹಲಗೆಯನ್ನು ಬಿಟ್ಟು ಗೋಡೆಗೆ ತಾಗಿ ತುಳಸಿಯ ಕಟ್ಟೆಯ ಹಿಂದೆ ಹೋಯಿತು. ಅವ್ವ ನಾಲ್ಕನೆಯದನ್ನು ಎತ್ತಿದಳು. ಕಾಲು ಇನ್ನೂ ಮುಂದಿಟ್ಟಳು. ಬಾಗಿಲಲ್ಲಿ ಅಪ್ಪನ ಕೈ ಚೌಕಟ್ಟನ್ನು ಬಿಟ್ಟಿತು.

"ಹಿಡಿಕಿ ಹಿಡದರ ಆರು ಹೆಜ್ಜಿ. ನೀ ನಾಕರಾಗ ನಿಂತೀ. ಹಿಂದ ಬಾ."

"ನನಗೇನ ಗೊತ್ತ್ರಿ. ತೋರಿಸಿಕೊಟ್ಟರ ಬರ್ತದ."

ಅಪ್ಪ ಇಳಿದು ಬಂದ. ಅವ್ವನ ಭುಜ ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ತಂದು ನಿಲ್ಲಿಸಿದ. ನನ್ನ ಎದುರಿಗೆ ಅವರು ಒಬ್ಬರನ್ನೊಬ್ಬರು ಮುಟ್ಟಿದ್ದು ನಾನು ಕಂಡದ್ದು ಅದೇ ಮೊದಲು. ಕೈಯಲ್ಲಿ ಲಟ್ಟಣಿಗೆ ಅಲ್ಲ ಎಂದು ಬೆರಳು ಬಿಡಿಸಿ ಹಿಡಿತ ಸರಿಮಾಡಿದ. ಅವ್ವ ಎಸೆದಳು. ಚೂರಿ ಹಲಗೆಯ ಅಂಚಿಗೆ ಒಂದು ಕ್ಷಣ ಕಚ್ಚಿಕೊಂಡು ಕೆಳಗೆ ಬಿತ್ತು. ಅವ್ವ ಐದನೆಯದನ್ನು ಅಪ್ಪನ ಕಡೆ ಚಾಚಿದಳು, ಹಿಡಿಕೆ ಮುಂದೆ ಮಾಡಿ. ಅಪ್ಪ ಅದನ್ನು ನೋಡುತ್ತ ನಿಂತ. ನಾನು ಇಟ್ಟಂಗಿಯ ಈಚೆ ನಿಂತಿದ್ದೆ. ಎರಡು ಕಾಲೂ ಜೋಡಿಸಿ, ಬೆರಳು ಕೂಡ ಇಟ್ಟಂಗಿಗೆ ತಾಗದ ಹಾಗೆ ನಿಂತಿದ್ದೆ. ಅಪ್ಪ ತಿರುಗಿ ನನ್ನ ಕಾಲು ನೋಡಿದ, ಇಟ್ಟಂಗಿ ನೋಡಿದ. ಆಮೇಲೆ ಚೂರಿ ತೆಗೆದುಕೊಂಡ. ಹಲಗೆಗೆ ಎದುರಾಗಿ ನಿಂತು, ಕೈಯ ನಡುಕ ನಿಲ್ಲುವ ತನಕ ಕಾದು, ಬಿಟ್ಟ. ಹಸಿ ಮರಕ್ಕೆ ಮೊನೆ ಹೊಕ್ಕ ಆ ಸಪ್ಪಳವನ್ನು ಮೂರೂವರೆ ವಾರದ ಮೇಲೆ ಕೇಳಿದೆ. ಬೆನ್ನು ತಿರುಗಿಸಿ ಎಸೆಯುವ ಚಮತ್ಕಾರವನ್ನು ಅಪ್ಪ ಮತ್ತೆಂದೂ ಮಾಡಲಿಲ್ಲ. ನಾನೂ ಕೇಳಲಿಲ್ಲ. ಅವನು ಎರಡೂ ಅಂಗೈ ಎತ್ತಿ ನನಗೆ ತೋರಿಸಿದ.

"ಕೈ ಖಾಲಿ. ಕೃಷ್ಣೀ, ಹೋಗು."

ಹೋದೆ. ತುಳಸಿಯ ಹಿಂದಿನದು, ಹಲಗೆಯ ಬುಡದವು ಎಲ್ಲ ಹೆಕ್ಕಿ, ನಾಟಿದ್ದನ್ನು ಕಿತ್ತು, ಐದನ್ನೂ ಅಪ್ಪನ ಕೈಗೆ ಕೊಟ್ಟೆ. ಅವನು ಅವುಗಳನ್ನು ನನಗೇ ತಿರುಗಿ ಕೊಟ್ಟು ಕೈ ಕಟ್ಟಿಕೊಂಡು ನಿಂತ. ನನ್ನ ಐದರಲ್ಲಿ ಎರಡು ನಾಟಿದವು. ಕಣ್ಣಲ್ಲಿ ನೀರಿದ್ದುದರಿಂದ ಉಳಿದ ಮೂರರ ತಪ್ಪು ನನ್ನದಲ್ಲ ಎಂದು ಅಪ್ಪನೇ ತೀರ್ಪು ಕೊಟ್ಟ.

ಸಂಜೆ ಬನ್ನಿ ಕೊಟ್ಟು ಬರಲು ಮೇಲಿನ ಮನೆಗೆ ಹೋದೆವು. ಸುಮನ ತನ್ನ ಕೈಯ ಎಲೆಗಳನ್ನೆಲ್ಲ ನನಗೇ ಸುರಿದು ನೆಲ ನೋಡುತ್ತ ನಿಂತಳು. ನಾನೂ ನನ್ನವನ್ನೆಲ್ಲ ಅವಳಿಗೆ ಕೊಟ್ಟೆ. ಬಂದು ಊಟಕ್ಕೆ ಕೂತೆವು. ಸಕ್ಕರೆಗೆ ರೇಶನ್ ಇದ್ದದ್ದರಿಂದ ಹೋಳಿಗೆ ಬೆಲ್ಲದ್ದು, ಒಬ್ಬರಿಗೆ ಎರಡರಂತೆ. ಕಟ್ಟಿನ ಸಾರು, ಅನ್ನ, ಬೆಳಿಗ್ಗೆ ಮುಹೂರ್ತಕ್ಕೆ ಹೆಚ್ಚಿದ ಸೌತೆಕಾಯಿಯ ಕೋಸಂಬರಿ. ಅಪ್ಪ ಏನೂ ಉಳಿಸಲಿಲ್ಲ, ನನ್ನ ಎಲೆಯಿಂದ ಅರ್ಧ ಹೋಳಿಗೆ ಕಿತ್ತುಕೊಂಡ. ಪಾತ್ರೆ ತಿಕ್ಕುವಾಗ ನಾನು ಅವ್ವನನ್ನು ಕೇಳಿದೆ, ಹಿಡಿಕೆ ಹಿಡಿದರೆ ಎಷ್ಟು ಹೆಜ್ಜೆ ಎಂದು ನಿನಗೆ ನಿಜವಾಗಿ ಗೊತ್ತಿರಲಿಲ್ಲವೇ ಎಂದು. ಕೂತಲ್ಲಿಂದ ಸಪ್ಪಳ ಕೇಳಿ ಎಣಿಸುತ್ತಿದ್ದವಳು ಅವಳು. ಬೋಗುಣಿಗೆ ಬೂದಿ ಹಚ್ಚುತ್ತ ಹೇಳಿದಳು:

"ಆರು. ಅಲಗು ಹಿಡದರ ನಾಕು. ನಿಮ್ಮಪ್ಪಗ ಹೇಳಬ್ಯಾಡ."

ಆ ಮನೆಯಲ್ಲಿ ಯಾವತ್ತೂ ಮೊದಲು ಮಲಗುವವಳು ನಾನು, ಆಮೇಲೆ ಅವ್ವ, ಬಾಗಿಲ ಚಿಲಕ ಎರಡು ಸಲ ನೋಡಿ ಕೊನೆಗೆ ಅಪ್ಪ. ಆ ಮೂರೂವರೆ ವಾರ ಅಪ್ಪ ನಿದ್ದೆ ಮಾಡಿದ್ದನೋ ಇಲ್ಲವೋ, ನಾನು ಎಚ್ಚರಾದಾಗಲೆಲ್ಲ ಅವನು ಸೂರು ನೋಡುತ್ತಿರುತ್ತಿದ್ದ. ಅವತ್ತು ನಾವು ಪಾತ್ರೆ ಬೋರಲು ಹಾಕಿ, ಕೈ ಒರೆಸಿಕೊಂಡು ಮುಂದಿನ ಕೋಣೆಗೆ ಬರುವಷ್ಟರಲ್ಲಿ ಅವನು ಮಲಗಿಯಾಗಿತ್ತು. ಚಿಲಕ ಅವ್ವ ಹಾಕಿದಳು. ಬಲಗೈ ಹಾಸಿಗೆಯಿಂದ ಹೊರಗೆ ನೆಲದ ಮೇಲೆ ಬಿದ್ದಿತ್ತು, ಅಂಗೈ ಮೇಲಾಗಿ, ಬೆರಳು ಬಿಚ್ಚಿಕೊಂಡು.